ನಾಲ್ಕು ವರ್ಷ ಆಡಿದ ಮೇಲೆ: ಡ್ರೆಸ್‌ಡೆನ್ ಫೈಲ್ಸ್ ಆರ್‌ಪಿಜಿಯಲ್ಲಿ ಊರು ಕಟ್ಟುವ ಅಧ್ಯಾಯ

ಈ ಪುಸ್ತಕ ಕೊಂಡಿದ್ದು ರೂಲ್ಸ್‌ಗಾಗಿ, ಇಟ್ಟುಕೊಂಡಿದ್ದು ಒಂದೇ ಅಧ್ಯಾಯಕ್ಕಾಗಿ. ಜಿಮ್ ಬುಚರ್‌ನ ಮಾಂತ್ರಿಕ ಪತ್ತೇದಾರನ ಕಾದಂಬರಿಗಳನ್ನು ಆಧರಿಸಿ ಇವಿಲ್ ಹ್ಯಾಟ್ ಪ್ರಕಾಶನದವರು 2010ರಲ್ಲಿ ಎರಡು ಸಂಪುಟಗಳಲ್ಲಿ ತಂದ ಆರ್‌ಪಿಜಿ ಇದು, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಮೊದಲ ಸಂಪುಟ 'ಯುವರ್ ಸ್ಟೋರಿ'ಯಲ್ಲಿ ಪಾತ್ರ ಮಾಡುವುದಕ್ಕಿಂತ ಮೊದಲೇ ನಗರ ಕಟ್ಟಬೇಕು. ಉದಾಹರಣೆಗೆ ಬಾಲ್ಟಿಮೋರನ್ನು ಕಟ್ಟಿ ತೋರಿಸಿದ್ದಾರೆ.

ಈ ಪುಸ್ತಕ ಸಿಗುವ ಮುಂಚೆ ಗೇಮ್ ಮಾಸ್ಟರ್ (ಆಟ ನಡೆಸುವವನು) ಆಗಿ ನಾನೊಬ್ಬನೇ ಕೂತು ಊರು ಬರೆಯುತ್ತಿದ್ದೆ. 20 ಪುಟ ಇತಿಹಾಸ, ರಕ್ತಪಿಶಾಚಿಗಳ ಮೂರು ಮನೆತನ, ಬಣ್ಣ ಹಚ್ಚಿದ ಮ್ಯಾಪ್. ಆಡಲು ಬಂದವರಿಗೆ ಒಂದು ಹೆಸರೂ ನೆನಪಿರುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು, ಆದರೆ ತಪ್ಪು ಅವರದಲ್ಲ ಅಲ್ವಾ?

ಇಲ್ಲಿ ಎಲ್ಲರೂ ಸೇರಿ ಕಟ್ಟಬೇಕು. ಊರಿಗೆ ಮೊದಲಿಂದ ಅಂಟಿಕೊಂಡ ಗುಣ ಥೀಮ್, ಈಗ ಬಂದೆರಗಿದ ಅಪಾಯ ಥ್ರೆಟ್. ಜಾಗಗಳಿಗೂ ಹಾಗೇ, ಜೊತೆಗೆ ಒಂದೊಂದು 'ಫೇಸ್': ಆ ಜಾಗದ ಕಷ್ಟಸುಖವನ್ನು ಬಾಯಿಬಿಟ್ಟು ಹೇಳುವ ಒಬ್ಬ ವ್ಯಕ್ತಿ. ನಮ್ಮಲ್ಲಿ ಒಬ್ಬಳು ಮುಚ್ಚಿಹೋದ ಮೆಟ್ರೋ ನಿಲ್ದಾಣ ಬೇಕು ಅಂದಳು. ಅಲ್ಲಿ ಯಾರಿರುತ್ತಾರೆ ಅಂತ ಕೇಳಿದೆ. "ಟಿಕೆಟ್ ಕೊಡುವ ಅಜ್ಜಿ. ದುಡ್ಡು ಬೇಡ, ಒಂದು ನೆನಪು ಕೊಟ್ಟರೆ ಸಾಕು." ಅದರ ಆಸ್ಪೆಕ್ಟ್ ಆಗಿ, ಅಂದರೆ ಆಟದಲ್ಲಿ ಬಳಸಿಕೊಳ್ಳಲು ಗುಣ ಹೇಳುವ ಚಿಕ್ಕ ಸಾಲಾಗಿ, 'ಚಿಲ್ಲರೆ ವಾಪಸ್ ಕೊಡುವುದಿಲ್ಲ' ಅಂತ ಬರೆದೆವು. ಆರು ತಿಂಗಳಾದ ಮೇಲೆ ಅದೇ ಹುಡುಗಿಯ ಪಾತ್ರ ಕೊನೆಯ ರೈಲು ಹಿಡಿಯಲು ಓಡಿ ಬಂತು. ನಾನು ಸುಮ್ನೆ ಒಂದು ಫೇಟ್ ಪಾಯಿಂಟ್ (ತೊಡಕು ಒಪ್ಪಿಕೊಂಡರೆ ಆಟಗಾರರಿಗೆ ಸಿಗುವ, ಆಮೇಲೆ ಖರ್ಚು ಮಾಡಬಹುದಾದ ಬಿಲ್ಲೆ) ಮುಂದೆ ತಳ್ಳಿ, "ಅಜ್ಜಿ ಈ ಸಲ ನಿನ್ನ ತಮ್ಮನ ಹೆಸರು ಕೇಳುತ್ತಿದ್ದಾಳೆ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ 20 ಪುಟದಿಂದ ಇದು ಯಾವತ್ತೂ ಆಗಿರಲಿಲ್ಲ.

ನಾನು ಇವತ್ತಿಗೂ ಬೇರೆ ಆಟಗಳಲ್ಲಿ ಬಳಸುವುದು ನಾಲ್ಕು ಮನೆಯ ಒಂದು ಚೌಕ. ಅಡ್ಡಕ್ಕೆ: ಮಾಯಾಲೋಕದ ವಿಷಯ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ. ಉದ್ದಕ್ಕೆ: ಊರು ಹೀಗೇ ಇರಲಿ ಅನ್ನುವವರು ಯಾರು, ಅಲುಗಾಡಿಸುವವರು ಯಾರು. ಏನೂ ಗೊತ್ತಿಲ್ಲದೆ ಊರು ಅಲುಗಾಡಿಸಲು ಹೊರಟ ಪತ್ರಕರ್ತನನ್ನು ಆ ಮನೆಯಲ್ಲಿ ಕೂರಿಸಿದರೆ ಮೂರು ಸೆಷನ್‌ಗೆ ಕಥೆ ರೆಡಿ.

ಎಡವಿದ್ದೂ ಇದೆ. ಮೊದಲ ಸಲ ಹುಮ್ಮಸ್ಸಿನಲ್ಲಿ 14 ಜಾಗ ಮಾಡಿದೆವು, ಕಾಲಿಟ್ಟಿದ್ದು ಐದಕ್ಕೆ. ಒಂದು ಇಡೀ ಸಂಜೆ ಹೋಯಿತು, ಡೈಸ್ ಒಮ್ಮೆಯೂ ಉರುಳಲಿಲ್ಲ. 'ಕತ್ತಲೆಯ ಊರು' ಅನ್ನುವಂಥ ಆಸ್ಪೆಕ್ಟ್ ಬರೆದುಕೊಂಡರೆ ಯಾವ ಕೆಲಸಕ್ಕೂ ಬರುವುದಿಲ್ಲ. ಅಂಥದ್ದು ನಮ್ಮ ಹಾಳೆಯಲ್ಲಿ ಮೂರಿದ್ದವು. ಇನ್ನು ಮಂತ್ರವಿದ್ಯೆಯ ರೂಲ್ಸ್ ನನಗೆ ಜಾಸ್ತಿ ಭಾರ ಅನ್ನಿಸಿ ಎರಡನೇ ಕ್ಯಾಂಪೇನ್‌ಗೆ (ಹಲವು ಸೆಷನ್ ನಡೆಯುವ ಒಂದು ಕಥೆ) ಫೇಟ್ ಕೋರ್‌ಗೆ, ಅಂದರೆ ಇದೇ ಫೇಟ್ ರೂಲ್ಸ್‌ನ ಆಮೇಲಿನ ಹಗುರ ಆವೃತ್ತಿಗೆ, ಬದಲಾಯಿಸಿಕೊಂಡೆ. ಊರಿನ ಹಾಳೆಗಳು ಹಾಗೇ ಹೊಂದಿಕೊಂಡವು, ಒಂದಕ್ಷರ ತಿದ್ದಲಿಲ್ಲ. ಹೊಸ ಆಟಗಾರರು ಬಂದರೂ ಅಜ್ಜಿ ಕೌಂಟರ್‌ನಲ್ಲೇ ಇದ್ದಾಳೆ. ಈಗ ಅವಳ ಹತ್ತಿರ ನಾಲ್ಕು ಜನರ ನೆನಪುಗಳಿವೆ.