ಡಚ್‌ನಲ್ಲಿ ‘ಇದೆ’ ಎನ್ನಲು ಯಾವ ಕ್ರಿಯಾಪದ?

ಕನ್ನಡದ ‘ಇದೆ’ ಒಂದೇ. ಡಚ್‌ನಲ್ಲಿ ವಸ್ತು ಹೇಗಿದೆ ಎಂದು ನೋಡಿಯೇ ಕ್ರಿಯಾಪದ ಆರಿಸಬೇಕು. ಎಲ್ಲದಕ್ಕೂ ‘ಇಸ್’ (ಬರೀ ‘ಇದೆ’) ಎಂದರೂ ಅರ್ಥವಾಗುತ್ತದೆ. ‘ಬೀಗದಕೈ ಎಲ್ಲಿ?’ ಎಂದು ಕೇಳಲು ಅದೇ ಸಾಕು. ಉತ್ತರ ಹೇಳುವಾಗ ಮಾತ್ರ ಅದು ಸಪ್ಪೆ ಎನಿಸುತ್ತದೆ.

ಹೆಚ್ಚು ಗೊಂದಲ ‘ಸ್ಟಾಟ್’ (ನಿಂತಿದೆ) ಮತ್ತು ‘ಲಿಖ್ಟ್’ (ಮಲಗಿದೆ) ನಡುವೆ. ಎತ್ತರವನ್ನಷ್ಟೇ ನೋಡಿದರೆ ತಪ್ಪುತ್ತೀರಿ. ಮೇಜಿನ ಮೇಲಿನ ತಟ್ಟೆ ಚಪ್ಪಟೆಯಾದರೂ ‘ಸ್ಟಾಟ್’, ಏಕೆಂದರೆ ಅದು ತನ್ನ ತಳದ ಮೇಲೆ ನಿಂತಿದೆ. ಕಾರು, ಬೂಟುಗಳಿಗೂ ಇದೇ. ತಳವೇ ಇಲ್ಲದ ಚೆಂಡಿಗೆ ‘ಲಿಖ್ಟ್’. ಪುಸ್ತಕ ಕಪಾಟಿನಲ್ಲಿ ನೆಟ್ಟಗಿದ್ದರೆ ‘ಸ್ಟಾಟ್’, ಮೇಜಿನ ಮೇಲೆ ಅಡ್ಡಲಾಗಿದ್ದರೆ ‘ಲಿಖ್ಟ್’. ಊರುಗಳಿಗೆ ‘ಲಿಖ್ಟ್’, ಪತ್ರಿಕೆಯಲ್ಲಿ ಅಚ್ಚಾದ ಸುದ್ದಿಗೆ ‘ಸ್ಟಾಟ್’. ಇವೆರಡನ್ನು ಬಾಯಿಪಾಠ ಮಾಡಿಬಿಡಿ.

ಜೇಬಿನೊಳಗಿನ ಬೀಗದಕೈ, ಕಾಫಿಯಲ್ಲಿನ ಸಕ್ಕರೆಯಂತೆ ಒಳಗೆ ಸೇರಿಕೊಂಡದ್ದಕ್ಕೆ ‘ಜಿಟ್’. ತೂಗುವುದಕ್ಕೆ ‘ಹಾಂಗ್ಟ್’.

ವಾಕ್ಯದ ಕರ್ತೃ ಹೊಸದಾಗಿ, ‘ಒಂದು ಬಾಟಲಿ’ ಎಂಬಂತೆ ಬಂದರೆ ಮೊದಲಿಗೆ ‘ಎರ್’ ಹಾಕಿ: ‘ಎರ್ ಸ್ಟಾಟ್ ಎನ್ ಫ್ಲೆಸ್ ಒಪ್ ಟಾಫೆಲ್’ (ಮೇಜಿನ ಮೇಲೆ ಒಂದು ಬಾಟಲಿ ಇದೆ). ಕನ್ನಡದಲ್ಲಿ ಇದಕ್ಕೆ ಸಮನಾದ ಪದವಿಲ್ಲ, ಅದಕ್ಕೇ ನಮ್ಮವರು ಬಿಟ್ಟುಬಿಡುವುದು ಹೆಚ್ಚು.