ಕೈತೋಟದ ಹಕ್ಕಿಗಳಿಗೆ ತಕ್ಕ ಬೈನಾಕ್ಯುಲರ್: ಪೆಂಟಾಕ್ಸ್ ಪ್ಯಾಪಿಲಿಯೊ 2 (6.5×21)

ಹಕ್ಕಿ ನೋಡಲು ಯಾವ ಬೈನಾಕ್ಯುಲರ್ ಕೊಳ್ಳಲಿ ಎಂದು ಯಾರನ್ನೇ ಕೇಳಿ, 8×42 ಎನ್ನುತ್ತಾರೆ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲವಿರುವ ಬೈನಾಕ್ಯುಲರ್. ಕೆರೆ ದಂಡೆಗೆ, ಕಾಡಿಗೆ ಅದು ಸರಿಯಾದ ಮಾತು. ಕೈತೋಟದ ಲೆಕ್ಕ ಬೇರೆ. ಇಲ್ಲಿ ಹಕ್ಕಿ ಕೂರುವುದು ಎರಡು, ಮೂರು, ಹೆಚ್ಚೆಂದರೆ ಹದಿನೈದು ಮೀಟರ್ ದೂರದಲ್ಲಿ. ಸಾಮಾನ್ಯ 8×42 ಬೈನಾಕ್ಯುಲರಿನಲ್ಲಿ ಎರಡು-ಎರಡೂವರೆ ಮೀಟರಿಗಿಂತ ಹತ್ತಿರದ್ದು ಮಸುಕು. ಪ್ಯಾಪಿಲಿಯೊ ಅರ್ಧ ಮೀಟರಿನಲ್ಲಿರುವುದನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಈ ಒಂದು ಗುಣಕ್ಕಾಗಿಯೇ ಕಿಟಕಿ ಪಕ್ಕ ಇಡಲು ಇದಕ್ಕಿಂತ ಒಳ್ಳೆಯದನ್ನು ಹೇಳುವುದು ಕಷ್ಟ.

ಹತ್ತಿರ ಅಷ್ಟು ಮುಖ್ಯವಾಗುವುದು ಹಕ್ಕಿಗಳಿಗೆಂದು ಇಡುವ ನೀರಿನ ತಟ್ಟೆಯಿಂದಾಗಿ. ತಟ್ಟೆಯನ್ನು ಗಾಜಿನ ಕಿಟಕಿಯಿಂದ ಒಂದು ಮೀಟರಿನೊಳಗೆ ಇಡಬೇಕು, ಇಲ್ಲವೇ ಹತ್ತು ಮೀಟರ್ ಆಚೆ ಇಡಬೇಕು. ನಡುವೆ ಇಟ್ಟರೆ, ಗಾಬರಿಯಿಂದ ಹಾರಿದ ಹಕ್ಕಿ ವೇಗ ಪಡೆದು ಗಾಜಿಗೆ ಬಡಿದು ಸಾಯುತ್ತದೆ. ತೀರಾ ಹತ್ತಿರವಿದ್ದರೆ ಆ ವೇಗ ಬರುವುದಿಲ್ಲ. ಹೀಗೆ ಸುರಕ್ಷಿತವಾಗಿ ಇಟ್ಟ ತಟ್ಟೆಗೂ ಒಳಗೆ ಕುರ್ಚಿ ಹಾಕಿಕೊಂಡು ಕೂತವರಿಗೂ ನಡುವೆ ಎರಡು ಮೀಟರ್ ಇದ್ದರೆ ಹೆಚ್ಚು. 8×42 ಕೈಕೊಡುವುದು ಅಲ್ಲೇ. ಪ್ಯಾಪಿಲಿಯೊದಲ್ಲಾದರೆ ಎರಡು ಮೀಟರಿನಲ್ಲಿರುವ ಹಕ್ಕಿ ಸುಮಾರು 31 ಸೆಂ.ಮೀ. ದೂರದಲ್ಲಿದ್ದಂತೆ, ಅಂದರೆ ಪುಸ್ತಕ ಹಿಡಿದು ಓದುವಷ್ಟು ಹತ್ತಿರ ಕಾಣುತ್ತದೆ. ಮೀಯಲು ಬಂದ ಪಿಕಳಾರದ ಕೆನ್ನೆಯ ಕೆಂಪು ಗರಿಗಳು ನೀರಿಗೆ ಒಂದಕ್ಕೊಂದು ಅಂಟಿಕೊಂಡು ಕುಂಚದ ತುದಿಯಂತಾಗುವುದು, ಕೊಕ್ಕಿನ ಬುಡದ ಸಣ್ಣ ಮುಳ್ಳುಗೂದಲಲ್ಲಿ ಹನಿ ನಿಲ್ಲುವುದು ಕೂಡ ಕಾಣಿಸುತ್ತದೆ.

ಒಳಗಿನ ಜೋಡಣೆ ಜಾಣತನದ್ದು. ಮಾಮೂಲಿ ಬೈನಾಕ್ಯುಲರಿನಲ್ಲಿ ತೀರಾ ಹತ್ತಿರ ನೋಡಿದರೆ ಎರಡು ಕಣ್ಣಿನ ಚಿತ್ರಗಳು ಕೂಡುವುದೇ ಇಲ್ಲ, ಎರಡು ವೃತ್ತಗಳಾಗಿ ಬೇರೆಯಾಗುತ್ತವೆ. ಪ್ಯಾಪಿಲಿಯೊದಲ್ಲಿ ಫೋಕಸ್ ಚಕ್ರವನ್ನು ಹತ್ತಿರಕ್ಕೆ ತಿರುಗಿಸಿದಂತೆ ಮುಂದಿನ ಮಸೂರಗಳು ಒಂದಕ್ಕೊಂದು ಸಮೀಪಿಸುತ್ತವೆ, ನಾವು ಮೂಗಿನ ತುದಿ ನೋಡುವಾಗ ಕಣ್ಣುಗಳು ಒಳಕ್ಕೆ ತಿರುಗುವ ಹಾಗೆ. ಆ ಮಸೂರಗಳ ಮುಂದೆ ಒಂದೇ ಸಪಾಟು ಗಾಜಿದೆ. ಒರೆಸುವುದು ಸುಲಭ, ಮಸೂರಕ್ಕೂ ರಕ್ಷಣೆ.

ಉಳಿದ ಅಂಕಿಗಳು: ತೂಕ ಸುಮಾರು 290 ಗ್ರಾಂ, 8×42 ಬೈನಾಕ್ಯುಲರಿನ ಅರ್ಧಕ್ಕಿಂತ ಕಡಿಮೆ. ನೋಟದ ಅಗಲ 7.5 ಡಿಗ್ರಿ, ಅಂದರೆ ಐದು ಮೀಟರಿನಲ್ಲಿ ಸುಮಾರು 65 ಸೆಂ.ಮೀ. ಅಗಲದ ಜಾಗ ಕಾಣುತ್ತದೆ. 6.5 ಪಟ್ಟು ಕಡಿಮೆಯೆನಿಸಬಹುದು. ಆದರೆ ಕೈ ನಡುಕವೂ ಅಷ್ಟೇ ಕಡಿಮೆ ಕಾಣುತ್ತದೆ. ಮಕ್ಕಳು, ವಯಸ್ಸಾದವರು ಹತ್ತು ನಿಮಿಷ ಹಿಡಿದರೂ ಕೈ ಸೋಲುವುದಿಲ್ಲ. ತಳದಲ್ಲಿ ಟ್ರೈಪಾಡಿಗೆ ತಿರುಪಿನ ರಂಧ್ರವೂ ಇದೆ.

ಮೊದಲ ದಿನವೇ ಹೊಂದಿಸಿಕೊಳ್ಳಿ. ಕನ್ನಡಕ ಹಾಕುವವರು ಕಣ್ಣಿನ ಬಟ್ಟಲುಗಳನ್ನು ಪೂರ್ತಿ ಇಳಿಸಬೇಕು, ಹಾಕದವರು ತಿರುಗಿಸಿ ಮೇಲೆತ್ತಬೇಕು. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಒಂದು ಎಲೆಯ ನರ ನೋಡುತ್ತ ನಡುವಿನ ಚಕ್ರದಲ್ಲಿ ಫೋಕಸ್ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಟ್ಟಲಿನ ಬಳಿಯ ಡಯಾಪ್ಟರ್ ಉಂಗುರ ಮಾತ್ರ ತಿರುಗಿಸಿ ಅದೇ ನರ ಬಲಗಣ್ಣಿಗೂ ಸ್ಪಷ್ಟವಾಗುವಂತೆ ಮಾಡಿ. ಇದನ್ನು ಬಿಟ್ಟವರೇ "ತಲೆನೋವು ಬರುತ್ತದೆ" ಎಂದು ದೂರುವುದು ಹೆಚ್ಚು. ಕೂರುವ ಮೊದಲು ತಟ್ಟೆಯ ಅಂಚಿಗೆ ಫೋಕಸ್ ಮಾಡಿಟ್ಟುಕೊಂಡರೆ ಹಕ್ಕಿ ಬಂದಾಗ ತಡಕಾಡಬೇಕಿಲ್ಲ. ಕಿಟಕಿ ಮುಚ್ಚಿದ್ದರೆ ಗಾಜಿನ ಮೂಲಕ ನೇರವಾಗಿ ನೋಡಿ. ಓರೆಯಾಗಿ ನೋಡಿದರೆ ಚಿತ್ರ ಕದಡುತ್ತದೆ, ತಪ್ಪು ಉಪಕರಣದ್ದಲ್ಲ.

ದಿನಾ ಬರುವ ಹಕ್ಕಿಗಳಲ್ಲೇ ಇದರ ಬೆಲೆ ಗೊತ್ತಾಗುವುದು. ಹೆಣ್ಣು ಸೂರಕ್ಕಿಗಳನ್ನು ಬರಿಗಣ್ಣಿನಲ್ಲಿ ಬೇರ್ಪಡಿಸಲಾಗದು. ಹೂವಿನ ಮೇಲೆ ಮೂರು ಮೀಟರಿನಲ್ಲಿ ಸಿಕ್ಕರೆ ಗಂಟಲು ನೋಡಿ: ಬೂದು-ಬಿಳಿ ಗಂಟಲು, ಕೆಳಗೆ ಹಳದಿ ಎದೆಯಿದ್ದರೆ ನೇರಳೆ ಪೃಷ್ಠದ ಸೂರಕ್ಕಿ, ಗಂಟಲಿನಿಂದಲೇ ಹಳದಿಯಿದ್ದರೆ ನೇರಳೆ ಸೂರಕ್ಕಿ. ಟುವ್ವಿ ಕೂಗುವಾಗ ಕತ್ತು ಚಾಚಿದರೆ ಕತ್ತಿನ ಬದಿಯಲ್ಲಿ ಕಪ್ಪು ಕಲೆ ಇಣುಕುತ್ತದೆ, ಕೂಗು ನಿಂತರೆ ಮಾಯ. ಗೂಡು ಕಂಡರೆ ಮಾತ್ರ ಅರ್ಧ ಮೀಟರಿನ ಆಸೆಗೆ ಬೀಳಬೇಡಿ. ಹತ್ತಿರ ಹೋದಷ್ಟೂ ತಾಯಿ ಗೂಡು ಬಿಟ್ಟಿರುತ್ತದೆ, ಕಾಗೆಗೆ ದಾರಿ ತೋರಿಸಿದಂತಾಗುತ್ತದೆ.

ಕೊರತೆಗಳು ಸಣ್ಣವಲ್ಲ. 21 ಮಿ.ಮೀ. ಮಸೂರವನ್ನು 6.5ರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬ 3.2 ಮಿ.ಮೀ.; 8×42ರಲ್ಲಿ ಅದು 5.25. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯೇ ಎರಡು-ಮೂರು ಮಿ.ಮೀ. ಇರುವುದರಿಂದ ವ್ಯತ್ಯಾಸ ತಿಳಿಯದು. ಸಂಜೆ ಪಾಪೆ ಹಿಗ್ಗಿದಾಗ ತಿಳಿಯುತ್ತದೆ. ವಲಸೆಯ ಹೊತ್ತಿನಲ್ಲಿ ತೋಟಕ್ಕೆ ಇಳಿಯುವ ಅಪರೂಪದ ನವರಂಗ ಹಕ್ಕಿ ಪೊದೆಯಡಿಯ ತರಗೆಲೆ ಕೆದಕುವುದನ್ನು ಮುಸ್ಸಂಜೆಯಲ್ಲಿ ನೋಡಬೇಕೆಂದರೆ ಇದು ಸಾಲದು. ಎತ್ತರದಲ್ಲಿ ಸುತ್ತುವ ಗಿಡುಗಕ್ಕೂ ಸಾಲದು. ತಟ್ಟೆಯಿಂದ ಮರದ ತುದಿಗೆ ಹಾರಿದ ಹಕ್ಕಿಯನ್ನು ಹಿಂಬಾಲಿಸಲು ಚಕ್ರವನ್ನು ಬಹಳ ತಿರುಗಿಸಬೇಕು, ಅಷ್ಟರಲ್ಲಿ ಅದು ಹೋಗಿರುತ್ತದೆ. ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳವೂ ಕಿರಿದು: ಒಂದು ಮೀಟರಿನಲ್ಲಿ ಕಣ್ಣು ಸ್ಪಷ್ಟವಾದರೆ ಬಾಲ ಮಸುಕು.

ಇನ್ನೊಂದು, ಇದಕ್ಕೆ ನೀರು ತಡೆಯುವ ಗುಣವಿಲ್ಲ. ಮಳೆಯಲ್ಲಿ ಹೊರಗೆ ಒಯ್ಯಬೇಡಿ. ತೇವದ ದಿನಗಳಲ್ಲಿ ಬಟ್ಟೆಯ ಚೀಲದಲ್ಲಿಟ್ಟರೆ ಮಸೂರದ ಒಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒರೆಸುವ ಮೊದಲು ಧೂಳನ್ನು ಊದುಬುರುಡೆಯಿಂದ ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ.

ಇದೇ ಸಾಲಿನಲ್ಲಿ 8.5×21 ಕೂಡ ಇದೆ. ಕೈತೋಟಕ್ಕೆ ಅದು ಬೇಡ. ಬೆಳಕಿನ ಕಂಬ 2.5 ಮಿ.ಮೀ.ಗೆ ಇಳಿಯುತ್ತದೆ, ನೋಟ 6 ಡಿಗ್ರಿಗೆ ಕುಗ್ಗುತ್ತದೆ. ಎರಡು ಮೀಟರಿನಲ್ಲಿ 26 ಸೆಂ.ಮೀ. ಕಾಣುತ್ತಿದ್ದ ಜಾಗ 21 ಆಗುತ್ತದೆ, ಕ್ಷಣಕ್ಕೊಂದು ರೆಂಬೆಗೆ ನೆಗೆಯುವ ಟುವ್ವಿ ತಪ್ಪಿಸಿಕೊಳ್ಳಲು ಆ ಐದು ಸೆಂ.ಮೀ. ಸಾಕು.