ಬೇಸ್‌ಬಾಲ್‌ನಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಆರಿಸುವಾಗ ಅವನ ಹೆಸರಿಗೆ ಬರೆದ ಗೆಲುವು ನೋಡಬೇಕೋ, ಅವನು ಕೊಟ್ಟ ರನ್ ನೋಡಬೇಕೋ?

ಅಮೆರಿಕದ ಎರಡು ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ 2010ರ ಸೀಸನ್ ತಗೊಳ್ಳಿ. ಯಾಂಕೀಸ್ ತಂಡದ ಪಿಚರ್ ಸಿಸಿ ಸಬಾತಿಯಾಗೆ 21 ಗೆಲುವು, 7 ಸೋಲು. ಮ್ಯಾರಿನರ್ಸ್ ತಂಡದ ಫೆಲಿಕ್ಸ್ ಹೆರ್ನಾಂಡೆಜ್‌ಗೆ 13 ಗೆಲುವು, 12 ಸೋಲು. ಇಷ್ಟೇ ನೋಡಿದರೆ ಸಬಾತಿಯಾನೇ ಮೇಲು, ಅಲ್ವಾ?

ಈಗ ಇಆರ್‌ಎ ನೋಡಿ. ಫೀಲ್ಡರ್‌ಗಳ ಎರರ್ ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ರನ್ ಅದು. ಸಬಾತಿಯಾ 3.18, ಫೆಲಿಕ್ಸ್ 2.27. ಸ್ಟ್ರೈಕ್‌ಔಟ್‌ನಲ್ಲೂ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು) ಫೆಲಿಕ್ಸ್ ಜಾಸ್ತಿ: 232, ಸಬಾತಿಯಾ 197. ಮತ್ತೆ ಗೆಲುವು ಎಲ್ಲಿ ಹೋಯಿತು? ಯಾಂಕೀಸ್ ಆ ವರ್ಷ 859 ರನ್ ಹೊಡೆದರೆ, ಮ್ಯಾರಿನರ್ಸ್ ಬರೀ 513. ಬ್ಯಾಟರ್‌ಗಳೇ ಕೈಕೊಟ್ಟರೆ ಪಿಚರ್ ಪಾಪ ಏನು ಮಾಡಬೇಕು! ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಫೆಲಿಕ್ಸ್‌ಗೇ ಬಂತು.

ಇಆರ್‌ಎಯಲ್ಲೂ ಫೀಲ್ಡರ್‌ಗಳ ಪಾಲು ಸ್ವಲ್ಪ ಇದ್ದೇ ಇರುತ್ತದೆ. ಫೀಲ್ಡರ್‌ಗಳ ಪಾಲು ಬಿಟ್ಟು ಪಿಚರ್‌ನನ್ನು ಅಳೆಯುವ ಇನ್ನೊಂದು ಲೆಕ್ಕ ಫಿಪ್ (FIP). ಅದು ಮುಖ್ಯವಾಗಿ ಸ್ಟ್ರೈಕ್‌ಔಟ್, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್), ಹೋಮ್ ರನ್ ಎಣಿಸುತ್ತದೆ. ಮುಂದಿನ ಸೀಸನ್‌ಗೆ ಆರಿಸುವುದಾದರೆ ನಾನು ಮೊದಲು ನೋಡುವುದು ಅದನ್ನೇ.